ಕಮಲಮ್ಮನ ಫೋಟೋ ಇದ್ದ ಕ್ಯಾಮೆರಾ

ಅಲ್ವಿನ್ ಬಿಚ್ಚಿ ನೋಡದೆ ಉಳಿಸಿದ ವಸ್ತುಗಳು ಆ ಮನೆಯಲ್ಲಿ ಎರಡೇ: ಒಂದು ಗ್ಯಾಸ್ ಸಿಲಿಂಡರ್, ಇನ್ನೊಂದು ಶ್ರೀನಿಧಿಯ ಟ್ರಂಕು. ಸಿಲಿಂಡರಿಗೆ ಅವನೇ ಹೆದರಿದ್ದ. ಟ್ರಂಕಿಗೆ ಶ್ರೀನಿಧಿ ಬೀಗ ಜಡಿದಿದ್ದ. ಉಳಿದಂತೆ ರೇಡಿಯೋ, ಇಸ್ತ್ರಿಪೆಟ್ಟಿಗೆ, ಸೊಳ್ಳೆ ಓಡಿಸುವ ಯಂತ್ರ, ಮನೆ ಮಾಲೀಕರು ಪ್ರೀತಿಯಿಂದ ಕೊಟ್ಟಿದ್ದ ಗೋಡೆ ಗಡಿಯಾರ, ಎಲ್ಲವೂ ಒಂದಲ್ಲ ಒಂದು ಭಾನುವಾರ ಅವನ ಸ್ಕ್ರೂ ಡ್ರೈವರಿನ ರುಚಿ ಕಂಡಿದ್ದವು. ಕೆಲವು ಮತ್ತೆ ಕೂಡಿಕೊಂಡವು. ಗಡಿಯಾರ ಕೂಡಿಕೊಳ್ಳಲಿಲ್ಲ.

ತಿರುವನಂತಪುರದ ಕಳಕ್ಕೂಟ್ಟಂನಲ್ಲಿ, ಕಂಪ್ಯೂಟರ್ ಕಂಪನಿಗಳ ಟೆಕ್ನೋಪಾರ್ಕಿನ ಗೇಟಿನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಆ ಬಾಡಿಗೆ ಮನೆ. ಮಂಗಳೂರಿನ ಅಲ್ವಿನ್, ಮೈಸೂರಿನ ಶ್ರೀನಿಧಿ, ಇಬ್ಬರೂ ಒಂದೇ ಕಂಪನಿಯವರು. ಊರಿನಿಂದ ಇಷ್ಟು ದೂರದಲ್ಲಿ ಕನ್ನಡ ಆಡುವ ಇನ್ನೊಂದು ಬಾಯಿ ಸಿಕ್ಕಿತೆಂಬ ಕಾರಣಕ್ಕೆ ಒಟ್ಟಿಗಿದ್ದರೇ ಹೊರತು ಬೇರೆ ಯಾವುದರಲ್ಲೂ ಇಬ್ಬರಿಗೂ ಹೊಂದಾಣಿಕೆ ಇರಲಿಲ್ಲ. ಅಲ್ವಿನ್ ತಿನ್ನುವ ಮೀನಿನ ವಾಸನೆಗೆ ಶ್ರೀನಿಧಿ ಊದುಬತ್ತಿ ಹಚ್ಚುತ್ತಿದ್ದ. ಶ್ರೀನಿಧಿಯ ಊದುಬತ್ತಿಗೆ ಅಲ್ವಿನ್ ಕಿಟಕಿ ತೆರೆಯುತ್ತಿದ್ದ.

ಎರಡು ಸಾವಿರದ ಐದನೆಯ ಇಸವಿಯ ಬೇಸಿಗೆಯಲ್ಲಿ ಅವರ ಸಹೋದ್ಯೋಗಿ ಜೋಸೆಫ್ ಕಂಪನಿಯ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಬಂದ. ಹೋದವರು ಚಾಕಲೇಟು ತರುವುದು ವಾಡಿಕೆ. ಜೋಸೆಫ್ ಕ್ಯಾಮೆರಾ ತಂದ. ಡಿಜಿಟಲ್ ಕ್ಯಾಮೆರಾ! ಆಗ ಅದು ನಮ್ಮಲ್ಲಿ ಸಂಬಳದವರು ಎರಡು ಸಲ ಯೋಚಿಸಿ ಕೊಳ್ಳುವ ವಸ್ತು. ಅದನ್ನು ಈ ಮಹಾರಾಯ ಕಡಲೆಮಿಠಾಯಿ ಹಂಚಿದ ಹಾಗೆ ಹಂಚಿದ. ಅಲ್ವಿನ್‌ಗೊಂದು, ಶ್ರೀನಿಧಿಗೊಂದು. ಎಲ್ಲರೂ ಜೋಸೆಫನನ್ನು ಹೊಗಳಿದ್ದೇ ಹೊಗಳಿದ್ದು.

ಹೊಗಳಿಕೆ ಒಂದು ವಾರವೂ ಬಾಳಲಿಲ್ಲ. ಅದು ಬಳಸಿ ಎಸೆಯುವ ಕ್ಯಾಮೆರಾ. ಅಲ್ಲಿ ಔಷಧಿ ಅಂಗಡಿಯಲ್ಲಿ ಕೊಳ್ಳುವುದು, ಇಪ್ಪತ್ತೈದು ಚಿತ್ರ ತೆಗೆಯುವುದು, ಮತ್ತೆ ಅದೇ ಅಂಗಡಿಗೆ ಕೊಡುವುದು. ಅಂಗಡಿಯವನು ಅದನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ಫೋಟೋ ತೆಗೆದುಕೊಟ್ಟು, ಕ್ಯಾಮೆರಾ ತಾನೇ ಇಟ್ಟುಕೊಂಡು, ಒಳಗಿದ್ದುದನ್ನು ಅಳಿಸಿ ಮುಂದಿನ ಗಿರಾಕಿಗೆ ಮಾರುತ್ತಾನೆ. ಬೆನ್ನಿನಲ್ಲಿ ಅಂಚೆಚೀಟಿಯಷ್ಟಗಲ ಪರದೆ ಇತ್ತು. ಚಿತ್ರ ತೆಗೆದ ಕೂಡಲೇ ಅದರಲ್ಲಿ ಒಂದು ಕ್ಷಣ ತೋರಿಸಿ ನುಂಗಿಬಿಡುತ್ತಿತ್ತು. ನುಂಗಿದ್ದನ್ನು ಕಕ್ಕಿಸುವ ಯಂತ್ರ ಇಡೀ ಕೇರಳದಲ್ಲಿ ಎಲ್ಲೂ ಇರಲಿಲ್ಲ. ಫೋಟೋ ತೆಗೆದು ಖುಷಿಪಟ್ಟವರೆಲ್ಲ ಪೆಚ್ಚಾದರು. ಆದರೂ ಒಬ್ಬರೂ ಅದನ್ನು ಎಸೆಯಲಿಲ್ಲ. ಎಸೆಯಲೆಂದೇ ಮಾಡಿದ ವಸ್ತುವನ್ನೂ ಶೋಕೇಸಿನಲ್ಲಿ ಜೋಪಾನವಾಗಿಡುವ ಜನ ನಾವು.

ಅಲ್ವಿನ್‌ಗೆ ಮಾತ್ರ ಹಬ್ಬವಾಯಿತು. ಅವನು ಕ್ಯಾಮೆರಾದ ತಳದ ಮುಚ್ಚಳ ಎಬ್ಬಿಸಿ, ಒಳಗಿನ ಹಿತ್ತಾಳೆಯ ಪುಟ್ಟ ಹಲ್ಲುಗಳಿಗೆ ತಂತಿ ಬೆಸೆದು, ಆ ತಂತಿಯನ್ನು ಕಂಪ್ಯೂಟರಿಗೆ ಕೊಟ್ಟು, ಎರಡು ವಾರದಲ್ಲಿ ಚಿತ್ರಗಳನ್ನು ಹೊರಗೆಳೆದ. ಅಷ್ಟಕ್ಕೇ ನಿಂತಿದ್ದರೆ ಅವನು ಅಲ್ವಿನ್ ಹೇಗಾದಾನು? ಮನೆ ಬಾಗಿಲಿನಿಂದ ದಿನಾ ಹಾಲಿನ ಪ್ಯಾಕೆಟ್ ಕಾಣೆಯಾಗುತ್ತಿತ್ತು. ಕ್ಯಾಮೆರಾವನ್ನು ಕಿಟಕಿಗೆ ಕಟ್ಟಿ, ಪ್ಯಾಕೆಟ್ಟಿನಡಿ ಒಂದು ಸ್ವಿಚ್ ಇಟ್ಟ. ಪ್ಯಾಕೆಟ್ ಎತ್ತಿದರೆ ಸ್ವಿಚ್ ಬಿಡುಗಡೆಯಾಗಿ ಕ್ಯಾಮೆರಾ ಕಣ್ಣು ಮಿಟುಕಿಸಬೇಕು. ಅದಕ್ಕೊಂದು ಪ್ರೋಗ್ರಾಂ ಬರೆದ. ದಿನಾ ಬೆಳಿಗ್ಗೆ ಅದು ಮೊದಲು ನಿನ್ನೆಯ ಚಿತ್ರಗಳನ್ನು ಅಳಿಸಿ ಜಾಗ ಮಾಡಿಕೊಳ್ಳುತ್ತಿತ್ತು. ಆಮೇಲೆ ಹೊಸ ಚಿತ್ರ ಬಂದಂತೆ ಕಂಪ್ಯೂಟರಿಗೆ ಇಳಿಸುತ್ತಿತ್ತು. ಮೂರನೆಯ ದಿನ ಕಳ್ಳ ಸಿಕ್ಕಿದ. ಮನೆ ಮಾಲೀಕರ ನಾಯಿ. ಮಾಲೀಕರು ಫೋಟೋ ನೋಡಿ, "ಇದು ನಮ್ಮದಲ್ಲ" ಎಂದರು. ನಾಯಿ ಅವರ ಕಾಲಬುಡದಲ್ಲೇ ಕೂತಿತ್ತು.

ಹೀಗೆ ಟೆಕ್ನೋಪಾರ್ಕಿನ ಕನ್ನಡದವರ ನಡುವೆ ಅಲ್ವಿನ್‌ಗೆ ಹೆಸರು ಬಂತು. ಹೆಸರು ಬಂದರೆ ಅವನ ಎದೆ ಒಂದು ಅಂಗುಲ ಮುಂದೆ ಬರುವುದು ಮೊದಲಿನಿಂದಲೂ ಇದ್ದ ಕಾಯಿಲೆ.

ಶ್ರೀನಿಧಿ ತನ್ನ ಪಾಲಿನ ಕ್ಯಾಮೆರಾವನ್ನು ಕೊಚ್ಚಿಯ ಕಮಲಮ್ಮನಿಗೆ ಕೊಟ್ಟಿದ್ದ. ತಿರುವನಂತಪುರಕ್ಕೆ ಬರುವ ಮೊದಲು ಅವನು ಕೊಚ್ಚಿಯಲ್ಲಿ ಒಂದು ವರ್ಷ ಕೆಲಸ ಮಾಡಿದ್ದು ವೈಟ್ಟಿಲದಲ್ಲಿ ಸುಬ್ರಾಯರ ಮನೆಯ ಮಹಡಿಯ ಕೋಣೆಯಲ್ಲಿದ್ದುಕೊಂಡು. ಸುಬ್ರಾಯರು ಪುತ್ತೂರಿನ ಕಡೆಯವರು, ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ. ಶ್ರೀನಿಧಿಗೆ ಕಾಮಾಲೆ ಬಂದಾಗ ಅವರ ಹೆಂಡತಿ ಕಮಲಮ್ಮ ಒಂದು ತಿಂಗಳು ಅವನಿಗೆ ಗಂಜಿ, ನೆಲನೆಲ್ಲಿ ಕಷಾಯ ಕೊಟ್ಟು ಎಬ್ಬಿಸಿ ಕೂರಿಸಿದ್ದರು. ಆ ಋಣಕ್ಕೆ ಏನಾದರೂ ಒಳ್ಳೆಯದು ಕೊಡಬೇಕೆಂದು ಅವನು ಕಾಯುತ್ತಿದ್ದ. ಅಮೆರಿಕದ ಕ್ಯಾಮೆರಾ ಸಿಕ್ಕಿದ್ದೇ ಓಡಿಹೋಗಿ ಕೊಟ್ಟು ಬಂದ. ಅದು ಎಂಥ ಕ್ಯಾಮೆರಾ ಎಂದು ಅವನಿಗೂ ಆಗ ಗೊತ್ತಿರಲಿಲ್ಲ.

ಆ ಭಾನುವಾರವೇ ಸುಬ್ರಾಯರು, ಕಮಲಮ್ಮ, ಮಗಳು ನಿಶಾ ಮೂವರೂ ಎರ್ನಾಕುಲಂನಿಂದ ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ ಬಂದರು. ನಿಶಾ ಇಪ್ಪತ್ತೈದು ಚಿತ್ರವನ್ನೂ ತೆಗೆದು ಮುಗಿಸಿದಳು. ಮಳೆಗಾಲ ಶುರುವಾದ ಮೇಲೆ ಕಮಲಮ್ಮನಿಗೆ ಜ್ವರ ಬಂತು. ಊರಿಗೆಲ್ಲ ಬಂದಂಥ ಜ್ವರವೇ. ಊರಿಗೆಲ್ಲ ಹೋದ ಹಾಗೆ ಅವರದು ಹೋಗಲಿಲ್ಲ. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ತೀರಿಕೊಂಡರು.

ಸುಬ್ರಾಯರು ಕ್ಯಾಮೆರಾ ಹಿಡಿದುಕೊಂಡು ಕಳಕ್ಕೂಟ್ಟಂಗೆ ಬಂದದ್ದು ಅದಾಗಿ ಎರಡು ತಿಂಗಳಿಗೆ. ಒಂದು ಶನಿವಾರ, ಬೆಳಗಿನ ರೈಲಿನಲ್ಲಿ. ಸಣಕಲು ದೇಹ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಟಿಫಿನ್ ಡಬ್ಬಿ. ಡಬ್ಬಿಯೊಳಗೆ ಹತ್ತಿ, ಹತ್ತಿಯ ನಡುವೆ ಕ್ಯಾಮೆರಾ. ಅಲ್ವಿನ್ ಮಂಗಳೂರಿನವನೆಂದು ತಿಳಿದದ್ದೇ ಅವರ ಮುಖದ ಬಿಗುವು ಸಡಿಲವಾಯಿತು.

"ನಮ್ಮ ಕಡೆಯವರೇ ಆಯ್ತಲ್ಲ! ಇಲ್ಲಿ ಯಾರ ಹತ್ರ ಹೇಳಿದ್ರೂ ಎಂತದೋ ಒಂದು ಅಡ್ಡ ಅರ್ಥ ಮಾಡ್ಕೊಳ್ತಾರೆ. ಶ್ರೀನಿಧಿ ಹೇಳಿದ, ನೀವು ಇಂಥದ್ದರಿಂದ ಫೋಟೋ ತೆಗೀತೀರಂತೆ ಅಂತ. ಆಗ್ತದಾ?"

"ಆಗದೆ ಎಂತ ಸರ್. ಒಂದು ವಾರ ಕೊಡಿ" ಎಂದ ಅಲ್ವಿನ್.

ಅಡುಗೆಮನೆಯಲ್ಲಿದ್ದ ಶ್ರೀನಿಧಿ ತಲೆ ಹೊರಹಾಕಿ, "ನೋಡ್ಕೊಂಡು ಹೇಳೋ, ಬಿಚ್ಚೋಕ್ ಮುಂಚೆನೇ ಮಾತು ಕೊಡ್ಬೇಡ" ಎಂದ. ಅಲ್ವಿನ್ ಅವನ ಕಡೆ ತಿರುಗಲೂ ಇಲ್ಲ.

ಸುಬ್ರಾಯರು ಜೇಬಿನಿಂದ ಒಂದು ಚಿತ್ರ ತೆಗೆದು ತೋರಿಸಿದರು. ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಕಪ್ಪು ಬಿಳುಪಿನ ಚುಕ್ಕಿಗಳ ನಡುವೆ ಒಬ್ಬ ಹೆಂಗಸು ಬೈಸಿಕೊಂಡವಳಂತೆ ನೋಡುತ್ತಿದ್ದಳು. "ಇದೊಂದೇ ಇರುದು ನೋಡಿ. ಮದುವೆ ಫೋಟೋ ಗೆದ್ದಲು ತಿಂತು. ಆಮೇಲೆ ಅವಳಿಗೆ ಫೋಟೋ ತೆಗೆಸ್ಕೊಳ್ಳುದು ಅಂದ್ರೇ ಆಗ್ತಿರ್ಲಿಲ್ಲ, ಮುಂದಿನ ಹಲ್ಲು ವಾರೆ ಅಂತ ಒಂದು ನಾಚಿಕೆ. ಇದನ್ನೇ ಗೋಡೆಗೆ ಹಾಕಿದ್ದೇನೆ. ದಿನಾ ನೋಡಿದ್ರೆ ನನ್ನ ಕಮಲ ಇವಳಾ ಅಂತ ಸಂಶಯ ಬರ್ತದೆ. ಹೀಗೇ ಬಿಟ್ರೆ ಇವಳೇ ನಿಜ ಆಗಿ ನನ್ನವಳು ಮರ್ತು ಹೋಗ್ತಾಳೆ, ಅಲ್ವಿನ್. ಅದಕ್ಕೇ ಹೆದರಿಕೆ."

ಆ ಕ್ಯಾಮೆರಾದಲ್ಲಿ ಬೋಟಿನ ಕಿಟಕಿ ಬಳಿ ಕೂತ ಕಮಲಮ್ಮನ ಫೋಟೋ ಖಂಡಿತ ಒಂದಿದೆ, ನಿಶಾ ಹೇಳಿದ್ದಾಳೆ ಎಂದರು. ಬೇರೆ ಯಾವುದೂ ಬೇಡ, ಅದೊಂದು ಸಾಕು ಎಂದರು. ಹೊರಡುವಾಗ ಅವನ ಎರಡೂ ಕೈ ಹಿಡಿದುಕೊಂಡರು. ಅಲ್ವಿನ್‌ಗೆ ಮುಜುಗರವಾಯಿತು. ಜೊತೆಗೆ, ಸುಳ್ಳು ಏಕೆ ಹೇಳಬೇಕು, ಖುಷಿಯೂ ಆಯಿತು.

ಕ್ಯಾಮೆರಾ ಬಿಚ್ಚಿದ ಮೇಲೆ ಖುಷಿ ಇಳಿಯಿತು. ಹೊರಗೆ ಒಂದೇ ಬಣ್ಣ, ಒಂದೇ ಆಕಾರ. ಆದರೆ ಇದರ ಒಳಗಿನದು ಹೊಸ ಮಾದರಿ. ಅಲ್ವಿನ್‌ನಂಥವರು ಲೋಕದಲ್ಲಿ ಬಹಳ ಮಂದಿ ಇದ್ದಾರೆಂದು ಕ್ಯಾಮೆರಾ ಕಂಪನಿಗೆ ಗೊತ್ತಾಗಿ ಈ ಸಲ ಬೀಗ ಹಾಕಿತ್ತು. ತಂತಿ ಕೊಟ್ಟ ಕೂಡಲೇ ಕ್ಯಾಮೆರಾ ಅಂಕಿಗಳಲ್ಲಿ ಒಂದು ಪ್ರಶ್ನೆ ಕೇಳುತ್ತಿತ್ತು. ಅಂಗಡಿಯ ಯಂತ್ರಕ್ಕೆ ಮಾತ್ರ ಅದರ ಉತ್ತರ ಗೊತ್ತು. ಉತ್ತರ ತಪ್ಪಿದರೆ ಅದು ಮಾತು ನಿಲ್ಲಿಸಿಬಿಡುತ್ತಿತ್ತು. ಬ್ಯಾಟರಿ ಕಳಚಿ ಮತ್ತೆ ಹಾಕಿ ಮೊದಲಿನಿಂದ ಶುರುಮಾಡಬೇಕು.

ಒಂದು ವಾರ ಎಂದದ್ದು ಒಂದು ತಿಂಗಳಾಯಿತು, ಎರಡಾಯಿತು. ಆಫೀಸಿನಿಂದ ಬಂದವನೇ ಮೇಜಿಗೆ ಅಂಟಿಕೊಳ್ಳುತ್ತಿದ್ದ. ಇಂಟರ್ನೆಟ್ಟಿನಲ್ಲಿ ಯಾವ್ಯಾವುದೋ ದೇಶದವರು ಈ ಬೀಗದ ಬಗ್ಗೆಯೇ ಜಗಳವಾಡುವ ಒಂದು ಜಾಗ ಹುಡುಕಿ, ಅವರ ಜಗಳದಿಂದ ಅಷ್ಟಿಷ್ಟು ಕಲಿತ. ತಿರುವನಂತಪುರದ ಚಾಲೈ ಬಜಾರಿನ ಗುಜರಿ ಓಣಿಯಲ್ಲಿ ಬೆವರು ಸುರಿಸಿ ಅಲೆದು, ಕೂದಲೆಳೆಯಂಥ ತಂತಿ, ಸೂಜಿ ಮೊನೆಯ ಬೆಸುಗೆ ಕಡ್ಡಿ ತಂದ. ಸುಬ್ರಾಯರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಅವಸರ ಇಲ್ಲ, ಸುಮ್ಮನೆ ಮಾತಾಡುವ ಅಂತ ಮಾಡಿದೆ" ಎನ್ನುತ್ತಿದ್ದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಬೈಯುವ ಜಾತಿಯವರಲ್ಲ.

ಕೊನೆಗೆ ಒಂದು ಶನಿವಾರ ಮಧ್ಯಾಹ್ನ, ಶ್ರೀನಿಧಿ ಊಟಕ್ಕೆ ತಟ್ಟೆ ಹಾಕುತ್ತಿದ್ದ ಹೊತ್ತಿಗೆ, ಬೀಗ ತೆರೆಯಿತು. ಪ್ರಶ್ನೆಯ ಉತ್ತರ ಕ್ಯಾಮೆರಾದ ಹೊಟ್ಟೆಯಲ್ಲೇ ಒಂದು ಮೆಮೊರಿ ಚಿಪ್‌ನಲ್ಲಿ ಬರೆದಿಟ್ಟಿತ್ತು. ಅಲ್ವಿನ್ ಅದನ್ನು ಓದಿ ಕ್ಯಾಮೆರಾಕ್ಕೇ ವಾಪಸು ಹೇಳಿದ. ಅದು ಸುಮ್ಮನೆ ಒಪ್ಪಿತು! ಸರಿಯಾಗಿ ಒಪ್ಪಿದೆಯೋ ಎಂದು ನೋಡಲು, ಒಳಗಿನ ಚಿತ್ರಗಳಲ್ಲೊಂದನ್ನು ಅದರ ಪರದೆಯ ಮೇಲೇ ತೋರಿಸು ಎಂದು ಅಪ್ಪಣೆ ಕೊಟ್ಟ. ಪರದೆ ಮಿಣುಕಿತು. ಕಿಟಕಿ, ಕಿಟಕಿಯಾಚೆ ನೀರು, ಕಿಟಕಿಯ ಈಚೆ ಒಬ್ಬ ಹೆಂಗಸು.

"ಶ್ರೀನಿಧೀ!" ಎಂದು ಅವನು ಕೂಗಿದ ರಭಸಕ್ಕೆ ಮಾಲೀಕರ ನಾಯಿ ಬೊಗಳಿತು. ಶ್ರೀನಿಧಿ ಸಾಂಬಾರಿನ ಸೌಟು ಹಿಡಿದೇ ಓಡಿಬಂದ. ಅವನು ಬರುವಷ್ಟರಲ್ಲಿ ಪರದೆ ಅದರ ಅಭ್ಯಾಸದಂತೆ ಆರಿಹೋಗಿತ್ತು.

"ಇದ್ದಾರೆ ಮಾರಾಯ, ಕಮಲಮ್ಮ ಇದ್ದಾರೆ! ಬಣ್ಣ ಸ್ವಲ್ಪ ಕಿತ್ತಳೆಗೆ ಹೋಗಿದೆ. ಮುಖದ ಕೆಳಗಿನ ಅರ್ಧ ಚೌಕ ಚೌಕ ಕಾಣ್ತದೆ, ಡೇಟಾ ಹಾಳಾಗಿರ್ಬೇಕು. ಅದನ್ನೆಲ್ಲ ಆಮೇಲೆ ಸರಿ ಮಾಡುವ."

"ಮೊದ್ಲು ಕಾಪಿ ಮಾಡ್ಕೊಳೋ."

"ಮಾಡ್ತೇನೆ ಇರು" ಎಂದ ಅಲ್ವಿನ್. ಅವನು ಮೊದಲು ಮಾಡಿದ್ದು ಫೋನ್.

"ಸರ್, ಕಂಡ್ರು! ಕಮಲಮ್ಮ ಕಂಡ್ರು! ಬೋಟಿನ ಕಿಟಕಿ ಹತ್ರ ಕೂತಿದ್ದಾರೆ. ನನ್ನ ಕಣ್ಣಾರೆ ನೋಡಿದೆ."

ಆ ಕಡೆ ಸುಬ್ರಾಯರು, "ನಿಶಾ, ಇಲ್ಲಿ ಬಾ, ಬೇಗ ಬಾ" ಎಂದು ಕೂಗಿದ್ದು ಕೇಳಿಸಿತು. ಅವರ ಧ್ವನಿ ಒಡೆದಿತ್ತು. ಅಲ್ವಿನ್ ಕಣ್ಣಲ್ಲೂ ನೀರು ಬಂತು. ಇಷ್ಟು ಒಳ್ಳೆಯ ಕೆಲಸ ತಾನು ಈ ತನಕ ಮಾಡಿರಲಿಲ್ಲ ಎನ್ನಿಸಿತು.

ಇನ್ನು ಚಿತ್ರಗಳನ್ನು ಇಳಿಸಿಕೊಂಡರಾಯಿತು. ಅದಕ್ಕೆ ಹೊಸ ಪ್ರೋಗ್ರಾಂ ಬರೆಯುವ ತಾಳ್ಮೆ ಆ ಹೊತ್ತಿನಲ್ಲಿ ಯಾರಿಗಿರುತ್ತದೆ? ಹಾಲಿನ ಕಾವಲಿಗೆ ಬರೆದದ್ದು ಇದ್ದೇ ಇತ್ತು. ಚಿತ್ರ ಇಳಿಸುವ ಕೆಲಸ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಹೊಸ ಬೀಗದ ಉತ್ತರವನ್ನು ಅದರ ತಲೆಯಲ್ಲಿ ಸೇರಿಸಿ, ಕೀಲಿ ಒತ್ತಿದ.

ಪ್ರೋಗ್ರಾಂ ದಿನಾ ಬೆಳಿಗ್ಗೆ ಮಾಡುತ್ತಿದ್ದುದನ್ನೇ ಮಾಡಿತು. ಮೊದಲು ಹಳೆಯದನ್ನು ಅಳಿಸಿ ಜಾಗ ಮಾಡಿಕೊಂಡಿತು.

ಅಲ್ವಿನ್‌ಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಕ್ಯಾಮೆರಾದ ಮೇಲೆ ಉಳಿದ ಚಿತ್ರಗಳ ಸಂಖ್ಯೆ ತೋರಿಸುವ ಕಿಂಡಿಯಲ್ಲಿ ಇಷ್ಟು ದಿನ ಸೊನ್ನೆ ಇತ್ತು. ಈಗ ಇಪ್ಪತ್ತೈದು ಇತ್ತು. ಕ್ಯಾಮೆರಾ ಹೊಚ್ಚಹೊಸದಾಗಿ, ಇನ್ನು ನೀವು ಫೋಟೋ ತೆಗೆಯಬಹುದು ಎಂದು ಕಾಯುತ್ತಿತ್ತು. ಅವನು ತಂತಿ ಕಿತ್ತ. ಬ್ಯಾಟರಿ ಕಿತ್ತ. ಮತ್ತೆ ಹಾಕಿದ. ಇಪ್ಪತ್ತೈದು. ಆ ಅಳಿಸುವ ಸಾಲನ್ನು ಯಾವನೋ ಅಂಗಡಿಯವನು ಬರೆದದ್ದಲ್ಲ, ಅಮೆರಿಕದ ಕಂಪನಿಯೂ ಬರೆದದ್ದಲ್ಲ. ಒಂದು ನಾಯಿಯನ್ನು ಹಿಡಿಯಲು ಅವನೇ, ಸ್ವಂತ ಕೈಯಾರೆ ಬರೆದದ್ದು.

ಅವನಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು.

ಶ್ರೀನಿಧಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಬೈಯುತ್ತಾನೆ ಎಂದು ಅಲ್ವಿನ್ ಕಾದ. ಶ್ರೀನಿಧಿ ಬೈಯದೆ ಹಿಂದಕ್ಕೆ ಹೋಗಿ, ಹಾಕಿದ್ದ ತಟ್ಟೆಗಳನ್ನು ಎತ್ತಿಟ್ಟ. ಆ ಮಧ್ಯಾಹ್ನ ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಸೋಮವಾರ ಜೋಸೆಫನ ಮುಂದೆ ಕ್ಯಾಮೆರಾ ಇಟ್ಟ. ಅಳಿಸಿದ್ದನ್ನು ಮರಳಿ ಎತ್ತುವ ವಿದ್ಯೆಯಲ್ಲಿ ಜೋಸೆಫ್ ಕಂಪನಿಯಲ್ಲೇ ಹೆಸರುವಾಸಿ. ಮೂರು ಸಂಜೆ ಇಬ್ಬರೂ ಸೇರಿ ಅದರ ಸ್ಮರಣೆಯ ಮೂಲೆ ಮೂಲೆ ಹುಡುಕಿದರು. ಮೂರನೆಯ ಸಂಜೆ ಜೋಸೆಫ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. "ಬರೀ ಅಳಿಸಿದ್ದರೆ ಏನಾದರೂ ಮಾಡಬಹುದಿತ್ತು ಅಲ್ವಿನ್. ಇದು ಗೋಡೆಗೆ ಪೂರ್ತಿ ಸುಣ್ಣ ಬಳಿದಿದೆ. ಕೆಳಗೆ ಏನಿತ್ತು ಅಂತ ಗೋಡೆಗೇ ಗೊತ್ತಿಲ್ಲ" ಎಂದು ತನ್ನ ಮಲಯಾಳದಲ್ಲಿ ಮೆಲ್ಲನೆ ಹೇಳಿದ. ತಾನು ಆ ಹಾಳು ಕ್ಯಾಮೆರಾ ತರಲೇಬಾರದಿತ್ತು ಎಂದೂ ಹೇಳಿದ. ಅದರಿಂದ ಅಲ್ವಿನ್‌ಗೆ ಏನೂ ಪ್ರಯೋಜನವಾಗಲಿಲ್ಲ.

ಆ ವಾರ ಸುಬ್ರಾಯರ ಫೋನ್ ಬರಲಿಲ್ಲ. ಕಂಡರು ಎಂದು ಹೇಳಿಯಾದ ಮೇಲೆ ಕೇಳಿ ಅವಸರ ಮಾಡಬಾರದೆಂಬ ಅವರ ಮರ್ಯಾದೆ. ಫೋನಿನಲ್ಲಿ ಹೇಳಿಬಿಡಲೇ ಎಂದು ಅಲ್ವಿನ್ ಎಷ್ಟೋ ಸಲ ನಂಬರು ಒತ್ತಿದ, ಎಷ್ಟೋ ಸಲ ಕಟ್ ಮಾಡಿದ. ಕ್ಯಾಮೆರಾ ಕಳೆದುಹೋಯಿತು ಎನ್ನಲೇ? ರೈಲಿನಲ್ಲಿ ಕದ್ದರು ಎನ್ನಲೇ? ಶ್ರೀನಿಧಿಯನ್ನೇ ಕಳಿಸಲೇ? ಶ್ರೀನಿಧಿ ಮೊದಲೇ ಹೇಳಿಬಿಟ್ಟಿದ್ದ: "ಆ ಮನೆ ಗಂಜಿ ಕುಡಿದು ಬದುಕಿದೀನಿ ಕಣೋ ನಾನು. ನನ್ ಕೈಲಿ ಆಗಲ್ಲ. ನೀನೇ ಹೋಗು."

ಬರುವ ಸುದ್ದಿಯಷ್ಟನ್ನು ಶ್ರೀನಿಧಿಯಿಂದ ಫೋನಿನಲ್ಲಿ ಹೇಳಿಸಿ, ಭಾನುವಾರ ಹೋದ. ಎರ್ನಾಕುಲಂನಲ್ಲಿ ಇಳಿದು ಬಸ್ಸು ಹತ್ತಿ, ವೈಟ್ಟಿಲ ಜಂಕ್ಷನ್ನಿನ ಗದ್ದಲದಲ್ಲಿ ಇಳಿದು, ಓಣಿ ಹಿಡಿದು ಮನೆ ಹುಡುಕಿದ. ಸುಬ್ರಾಯರು ಗೇಟಿನಲ್ಲೇ ನಿಂತಿದ್ದರು. ಅವನ ಕೈಯ ಚೀಲವನ್ನು ತಾವೇ ಇಸಿದುಕೊಂಡರು, ಬಹಳ ಜೋಪಾನವಾಗಿ, ತಳಕ್ಕೆ ಕೈ ಕೊಟ್ಟು. ಒಳಗೆ ಬಂದು ನೋಡಿದರೆ ನಡುಮನೆಯ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಆ ಚುಕ್ಕಿಚುಕ್ಕಿಯ ಹೆಂಗಸು ಇರಲಿಲ್ಲ.

"ತೆಗ್ದುಬಿಟ್ಟೆ. ಇನ್ನೆಂತಕ್ಕೆ ಅದು?" ಎಂದರು ಸುಬ್ರಾಯರು.

ಅಲ್ವಿನ್ ಬಾಯಿ ತೆರೆದ. "ಸರ್, ಒಂದು ವಿಷಯ..."

"ಎಂತ ಇದ್ರೂ ಊಟ ಆದ ಮೇಲೆ. ನಮ್ಮ ಮನೆಗೆ ಬಂದವರತ್ರ ಹಸಿದ ಹೊಟ್ಟೆಲಿ ಕೆಲಸದ ಮಾತಾಡಿಸಿದ್ರೆ ಅವಳು ನನ್ನನ್ನು ಬಿಡ್ತಿರ್ಲಿಲ್ಲ."

ಅವರೇ ಅಡುಗೆ ಮಾಡಿದ್ದರು. ಒಂದೆಲಗದ ತಂಬುಳಿ, ಬಸಳೆ ಸಾಂಬಾರು, ಪಾಯಸ. ಹೆಂಡತಿ ಇದ್ದಾಗ ಒಲೆ ಹಚ್ಚಲೂ ಬಾರದಿದ್ದ ಮನುಷ್ಯ, ಸಾಂಬಾರಿಗೆ ಉಪ್ಪು ಹೆಚ್ಚಾಗಿದೆಯೋ ಎಂದು ಮೂರು ಸಲ ಕೇಳಿದರು. ನಿಶಾ ಬಡಿಸಿದಳು. ಹದಿನೇಳರ ಹುಡುಗಿ, ಕೊಚ್ಚಿಯಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. "ಚೇಟ್ಟಾ, ಮೋರು ವೇಣೋ?" ಎಂದು ಮಜ್ಜಿಗೆಯ ಪಾತ್ರೆ ಹಿಡಿದು ನಿಂತಾಗ ಅಲ್ವಿನ್ ತಲೆ ಎತ್ತದೆ ಹೂಂಗುಟ್ಟಿದ. ತಾನು ದೋಚಿದ ಮನೆಯಲ್ಲೇ ಕೂತು ಪಾಯಸ ತಿನ್ನುವುದು ಎಷ್ಟು ಕಷ್ಟ ಎಂದು ಅವನಿಗೆ ಪ್ರತಿ ತುತ್ತಿಗೂ ಗೊತ್ತಾಯಿತು.

ಕೈ ತೊಳೆದು ಬಂದು ಹೇಳಿದ. ಸುತ್ತಿ ಬಳಸಲಿಲ್ಲ. ಬೀಗ ತೆರೆದದ್ದು, ಚಿತ್ರ ಕಂಡದ್ದು, ಫೋನ್ ಮಾಡಿದ್ದು, ಆಮೇಲೆ ತನ್ನದೇ ಹಳೆಯ ಪ್ರೋಗ್ರಾಂ ಓಡಿಸಿದ್ದು, ಅದು ಎಲ್ಲವನ್ನೂ ಅಳಿಸಿದ್ದು. "ತಪ್ಪು ನನ್ನದೇ ಸರ್. ಒಂದೂ ಉಳಿಯಲಿಲ್ಲ."

ಸುಬ್ರಾಯರು ಚೀಲದಿಂದ ಕ್ಯಾಮೆರಾ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಇಪ್ಪತ್ತೈದರ ಮೇಲೆ ಬೆರಳಾಡಿಸಿದರು.

"ಒಂದೂ ಇಲ್ವಾ?"

"ಒಂದೂ ಇಲ್ಲ ಸರ್."

ಅವರು ಕೂಗಾಡಲಿಲ್ಲ. ಗೋಡೆಯ ಮೊಳೆಯನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ಅಲ್ವಿನ್ ಹತ್ತಿರಕ್ಕೆ ಎಳೆದುಕೊಂಡರು.

"ಆದ್ರೆ ನೀವು ನೋಡಿದ್ದೀರಿ."

"ಸರ್?"

"ಕಣ್ಣಾರೆ ನೋಡಿದೆ ಅಂತ ಹೇಳಿದ್ರಲ್ಲ. ಅವತ್ತು ಬೋಟಿನಲ್ಲಿ ನಿಶಾ ಆ ಫೋಟೋ ತೋರಿಸಿದಾಗ ನಾನು ಎಲ್ಲೋ ಹೋದ ಚಪ್ಪಲಿ ಹುಡುಕ್ತಾ ಇದ್ದೆ. ನೋಡ್ಲಿಲ್ಲ. ನೋಡಿದ್ದು ನಿಶಾ, ಮತ್ತೆ ನೀವು. ಅವಳ ಹತ್ರ ಕೇಳಿದ್ರೆ ಸರಿಯಾಗಿ ಹೇಳುದಿಲ್ಲ. ಕಮಲ ಹೇಗಿದ್ಲು ಹೇಳಿ."

ಅಲ್ವಿನ್ ನೆನಪು ಮಾಡಿಕೊಂಡ. ಎಷ್ಟು ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡನೆಂದರೆ ಹಣೆ ಬೆವರಿತು. ಬಣ್ಣ ಕಿತ್ತಳೆಗೆ ಹೋಗಿದ್ದು ನೆನಪಿತ್ತು. ಅಂಚಿನಲ್ಲೊಂದು ಹಸಿರು ಗೆರೆ ಬಂದಿದ್ದು ನೆನಪಿತ್ತು. ಕೆಳಗಿನ ಚೌಕಗಳು ನೆನಪಿದ್ದವು. ಬೀಗ ತೆರೆದ ಖುಷಿಯಂತೂ ಚೆನ್ನಾಗಿ ನೆನಪಿತ್ತು. ಹೆಂಗಸಿನ ಮುಖ ನೆನಪಿರಲಿಲ್ಲ. ಅವನು ಅದನ್ನು ರಿಪೇರಿಗೆ ಬಂದ ಟೀವಿಯ ಪರದೆ ನೋಡುವ ಹಾಗೆ ನೋಡಿದ್ದ. ಲೋಕದಲ್ಲಿ ಆ ಚಿತ್ರವನ್ನು ಕಟ್ಟಕಡೆಗೆ ಕಂಡ ಕಣ್ಣು ಅವನದು. ಆ ಕಣ್ಣು ಏನನ್ನೂ ನೋಡಿರಲಿಲ್ಲ.

ಎದುರಿಗೆ ಸುಬ್ರಾಯರು ಉಸಿರು ಬಿಗಿಹಿಡಿದು ಕೂತಿದ್ದರು.

"ನಗ್ತಾ ಇದ್ರು ಸರ್" ಎಂದುಬಿಟ್ಟ.

"ನಗ್ತಾ ಇದ್ಲಾ!" ಸುಬ್ರಾಯರ ಮುಖ ಒಮ್ಮೆಲೇ ಅರಳಿತು. "ಹೇಗೆ? ಬಾಯಿ ಮುಚ್ಕೊಂಡಾ?"

"ಇಲ್ಲ, ಇಲ್ಲ. ಬಾಯಿ ತುಂಬಾ."

"ಹಲ್ಲು ಕಾಣುವ ಹಾಗೆ?"

"ಹೌದು ಸರ್."

"ಆ ವಾರೆ ಹಲ್ಲು? ನಿಶಾ, ಕೇಳಿದ್ಯಾ? ಇಪ್ಪತ್ತು ವರ್ಷ ನನ್ನೆದುರು ಕೈ ಅಡ್ಡ ಹಿಡಿದೇ ನಕ್ಕವಳು. ಆ ದಿನ ಬಾಯಿಬಿಟ್ಟು ನಕ್ಕಿದ್ದಾಳೆ ನೋಡು, ನೀರು ಕಂಡು ಖುಷಿಗೆ! ಮತ್ತೆ? ಗಾಳಿಗೆ ಕೂದಲು ಹಾರ್ತಾ ಇತ್ತಾ? ಬಳೆ ಯಾವುದು ಹಾಕಿದ್ಲು?"

"ಕೂದಲು ಹಾರ್ತಿತ್ತು. ಬಳೆ... ಹಸಿರು."

"ಹಸಿರು, ಹೌದು, ಹಸಿರೇ ಇರ್ಬೇಕು." ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಲ್ಲೇ ಕೇಳುತ್ತ ಹೋದರು. ಕೈ ಎಲ್ಲಿತ್ತು, ಕಿಟಕಿಯ ಸರಳಿನ ಮೇಲಾ? ಯಾರನ್ನು ನೋಡುತ್ತಿದ್ದಳು, ನಿಶಾಳನ್ನೋ ಅಥವಾ ಆಚೆ, ತನ್ನ ಕಡೆಗೋ? ಅಲ್ವಿನ್ ಒಂದೊಂದಕ್ಕೂ ಉತ್ತರ ಕೊಟ್ಟ. ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ನಿಶಾ ಅಡುಗೆಮನೆಯ ಬಾಗಿಲಿಗೆ ಒರಗಿ, ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

ಹೊರಡುವಾಗ ಸುಬ್ರಾಯರು ಮತ್ತೆ ಅವನ ಎರಡೂ ಕೈ ಹಿಡಿದುಕೊಂಡರು. "ಬೇಜಾರು ಮಾಡ್ಕೊಳ್ಬೇಡಿ. ನೀವು ನೋಡಿದ್ದೀರಲ್ಲ, ಅಷ್ಟು ಉಳಿಯಿತು. ಮುಂದಿನ ವಾರವೂ ಬನ್ನಿ. ಒಬ್ಬನೇ ನೆನಪು ಮಾಡ್ಕೊಂಡ್ರೆ ಸರಿಯಾಗಿ ಬರುದಿಲ್ಲ."

ನಿಶಾ ಓಣಿಯ ಕೊನೆಯವರೆಗೆ ಜೊತೆಯಲ್ಲಿ ಬಂದಳು. ಮನೆ ಮರೆಯಾದ ಮೇಲೆ ನಿಂತಳು. ಅವನಿಗೆ ಚೆನ್ನಾಗಿ ಅರ್ಥವಾಗಲಿ ಎಂದೋ ಏನೋ, ಆ ದಿನ ಮೊದಲ ಸಲ ಕನ್ನಡದಲ್ಲಿ, ತಡೆದು ತಡೆದು ಮಾತಾಡಿದಳು.

"ಆ ಫೋಟೋದಲ್ಲಿ ಅಮ್ಮ ನಗ್ಲಿಲ್ಲ. ಸೆರಗು ಮುಖಕ್ಕೆ ಅಡ್ಡ ಹಿಡಿದಿದ್ರು. ಎಲ್ಲಾ ಫೋಟೋದಲ್ಲೂ ಹಾಗೇ. ಕಣ್ಣು ಮಾತ್ರ ಕಾಣ್ತಿತ್ತು. ಅಪ್ಪ ಇಷ್ಟು ಆಸೆ ಇಟ್ಕೊಂಡಿದ್ರಲ್ಲ, ಅದಕ್ಕೇ ನಾನು ಹೇಳ್ಲಿಲ್ಲ."

ಮುಖದ ಕೆಳಗಿನ ಚೌಕಗಳು ಅಲ್ವಿನ್‌ಗೆ ನೆನಪಾದವು. ಹಾಳಾದ ಡೇಟಾ ಎಂದು ಅವನು ತಿಳಿದದ್ದು ಕಮಲಮ್ಮನ ಸೀರೆ ಸೆರಗಿನ ಚೌಕುಳಿ. ಕಮಲಮ್ಮನದು ಎಂದು ಅವನಿಗೆ ನಿಜವಾಗಿ ನೆನಪಿದ್ದದ್ದು ಅದೊಂದೇ. ಅದೊಂದನ್ನೇ ಅವನು ಹೇಳಿರಲಿಲ್ಲ.

"ಹೋಗಿ ಹೇಳಿಬಿಡ್ತೇನೆ. ಸುಳ್ಳು ಹೇಳಿದೆ ಅಂತ ಹೇಳ್ತೇನೆ" ಎಂದು ಅವನು ತಿರುಗಿದ.

ನಿಶಾ ಅವನ ದಾರಿಗೆ ಅಡ್ಡ ನಿಂತಳು. ಅವಳ ಕಣ್ಣು ತುಂಬಿತ್ತು, ಧ್ವನಿಯಲ್ಲಿ ಮಾತ್ರ ಕರುಣೆ ಇರಲಿಲ್ಲ. "ಬೇಡ. ಒಂದು ಸಲ ಕಳೆದದ್ದು ಸಾಕು. ಮುಂದಿನ ಭಾನುವಾರ ಬನ್ನಿ. ಆಮೇಲೂ ಕರೀತಾರೆ, ಆಗಲೂ ಬನ್ನಿ. ಮತ್ತೆ ಮತ್ತೆ ಕೇಳ್ತಾರೆ. ಇವತ್ತು ಹೇಳಿದ್ದನ್ನೇ ಹೇಳಿ. ಒಂದು ಮಾತೂ ಬದಲಾಯಿಸ್ಬೇಡಿ."

ವೈಟ್ಟಿಲದಲ್ಲಿ ಬಸ್ಸು ಹತ್ತಿ, ಕಿಟಕಿಯ ಬಳಿ ಕೂತು, ಅಲ್ವಿನ್ ತಾನು ಹೇಳಿದ್ದನ್ನೆಲ್ಲ ಮೊದಲಿನಿಂದ ಜ್ಞಾಪಿಸಿಕೊಳ್ಳತೊಡಗಿದ. ಬಾಯಿ ತುಂಬಾ ನಗು. ಕಾಣುವ ವಾರೆ ಹಲ್ಲು. ಗಾಳಿಗೆ ಹಾರುವ ಕೂದಲು. ಸರಳಿನ ಮೇಲೆ ಕೈ. ಆ ಕೈಯ ಬಳೆಗೆ ಬಂದು ನಿಂತ. ಕೆಂಪು ಎಂದಿದ್ದನೋ ಹಸಿರು ಎಂದಿದ್ದನೋ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ.